ಎಲೆಯ ತುದಿಯ ಉಪ್ಪು

ಜೂನ್ ತಿಂಗಳ ಕೊನೆ ಬಂತೆಂದರೆ, ಒಂದು ವಾರ ಹಿಂದುಮುಂದಾಗಿ, ಮೆಲ್ಬರ್ನ್ ಮತ್ತು ಸಿಡ್ನಿಯ ಶಾಲೆಗಳಿಗೆ ಚಳಿಗಾಲದ ರಜೆ. ಎರಡು ವಾರ ಮಕ್ಕಳು ಮನೆಯಲ್ಲೇ. ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 900 ಕಿಲೋಮೀಟರು ಕಾರು ಓಡಿಸಿಕೊಂಡು ಸಿಡ್ನಿಯವರು ಮೆಲ್ಬರ್ನಿಗೆ, ಮೆಲ್ಬರ್ನಿನವರು ಸಿಡ್ನಿಗೆ ಹೋಗಿ ನೆಂಟರಿಷ್ಟರ ಮನೆಗಳಲ್ಲಿ ಉಳಿಯುವ ಕಾಲವೂ ಇದೇ. ಊರಿನಿಂದ ಅಪ್ಪ ಅಮ್ಮ ಬಂದಿದ್ದರಂತೂ ಮನೆ ತುಂಬಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಒಲೆ ಆರುವುದೇ ಇಲ್ಲ. ಹೊರಗೆ ಕೊರೆಯುವ ಚಳಿ; ಒಳಗೆ ಮೆಣಸಿನ ಸಾರು, ಬೋಂಡ, ಕರಿದ ಹಪ್ಪಳ, ಸಂಡಿಗೆ. ಊಟದ ಮೇಜಿನ ಒಂದು ಮೂಲೆಯಲ್ಲಿ ಹಿರಿಯರ ರಕ್ತದೊತ್ತಡದ ಮಾತ್ರೆಗಳ ಡಬ್ಬಿ, ಇನ್ನೊಂದು ಮೂಲೆಯಲ್ಲಿ ಉಪ್ಪಿನಕಾಯಿಯ ಜಾಡಿ. ಈ ಡಬ್ಬಿಗೂ ಆ ಜಾಡಿಗೂ ನಡುವೆ ನಡೆಯುವ ಜಗಳ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಅದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ ಎಂಬುದು ಈ ಬರಹದ ಉದ್ದೇಶ.

ಕನ್ನಡದಲ್ಲಿ ಉಪ್ಪು ಬರೀ ರುಚಿಯ ವಸ್ತುವಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಹೇಳಿದವರು ತಾಯಿಯನ್ನೂ ಉಪ್ಪನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರು. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎನ್ನುವಾಗ ಉಪ್ಪು ಎಂದರೆ ಋಣ, ನಿಯತ್ತು. ಉಪ್ಪಿಲ್ಲದ ಅಡಿಗೆಗೆ 'ಸಪ್ಪೆ' ಎನ್ನುತ್ತೇವೆ; ಕಳೆಯಿಲ್ಲದ ಮುಖಕ್ಕೂ, ರಸವಿಲ್ಲದ ಮಾತಿಗೂ ಅದೇ ಪದ. ಮಂಡ್ಯ, ಮೈಸೂರಿನ ಕಡೆ ದಿನನಿತ್ಯದ ಸಾರಿನ ಹೆಸರೇ ಉಪ್ಪುಸಾರು. ಹೀಗಿರುವಾಗ ವಯಸ್ಸಾದ ತಾಯಿಗೆ "ಅಮ್ಮಾ, ಡಾಕ್ಟರು ಉಪ್ಪು ಕಮ್ಮಿ ಮಾಡೋಕೆ ಹೇಳಿದಾರೆ" ಎಂದು ಮಗ ಹೇಳಿದರೆ, ಆಕೆಗೆ ಕೇಳಿಸುವುದು ವೈದ್ಯರ ಸಲಹೆಯಲ್ಲ. "ಇಷ್ಟು ವರ್ಷ ನನ್ನ ಕೈ ಅಡಿಗೆ ತಿಂದೇ ಅಲ್ವೇನೋ ನೀನು ಬೆಳೆದದ್ದು?" ಎಂಬ ಉತ್ತರ ಅಲ್ಲಿಂದಲೇ ಹುಟ್ಟುತ್ತದೆ.

ಆ ಉಪ್ಪು ನಮ್ಮ ಹಿರಿಯರ ಅಡಿಗೆಮನೆಗೆ ಸುಲಭವಾಗಿ ಬಂದದ್ದಲ್ಲ. ಕರಾವಳಿಯಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ, ಉಪ್ಪಿನ ಆಗರಗಳಿವೆ. ಹಿನ್ನೀರನ್ನು ಗದ್ದೆಯಂಥ ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ್ದನ್ನು ಬಾಚಿ ರಾಶಿ ಹಾಕುತ್ತಾರೆ. ಸಮುದ್ರ ದೂರವಿದ್ದ ಬಯಲುಸೀಮೆಯಲ್ಲಿ ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಉಪ್ಪು ತೆಗೆಯುವ ಕಸುಬಿತ್ತು; ಉಪ್ಪಾರರಿಗೆ ಆ ಹೆಸರು ಬಂದದ್ದೇ ಅದರಿಂದ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1882ರ ಉಪ್ಪಿನ ಕಾಯಿದೆ, ಅದರ ಮೇಲಿನ ತೆರಿಗೆ ಬಡವರ ಗಂಜಿಯ ತಟ್ಟೆಯವರೆಗೂ ಬಂತು.

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ಜೊತೆ ಹೊರಟ ತಂಡದಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು; ಆ ಯಾತ್ರೆಯ ಏಕೈಕ ಕನ್ನಡಿಗ ಎಂದು ಅವರನ್ನು ನೆನೆಯುತ್ತೇವೆ. ಅದೇ ವರ್ಷ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಒಂದು ಹಿಡಿ ಉಪ್ಪಿಗಾಗಿ ಜನ ಜೈಲಿಗೆ ಹೋದರು. ಇವತ್ತು ಎಂಬತ್ತರ ಆಸುಪಾಸಿನಲ್ಲಿರುವ ನಮ್ಮ ಹಿರಿಯರು ಆ ತಲೆಮಾರಿನವರ ಮಕ್ಕಳು. ಉಪ್ಪನ್ನು ಚೆಲ್ಲಬಾರದು, ಕೈಯಿಂದ ಕೈಗೆ ಕೊಡಬಾರದು ಎಂದು ಅವರು ಗದರುವುದರಲ್ಲಿ ಆಶ್ಚರ್ಯವೇನಿದೆ?

ಇಷ್ಟು ಕಷ್ಟಪಟ್ಟು ತಂದ ಉಪ್ಪಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಎಲ್ಲಿಗೆ? ಅಡಿಗೆಗಿಂತ ಹೆಚ್ಚಾಗಿ ಭರಣಿಗಳಿಗೆ. ಕಾಸರಗೋಡಿನಿಂದ ಕುಂದಾಪುರದವರೆಗಿನ ಕರಾವಳಿಯಲ್ಲಿ ಆಷಾಢ, ಆಟಿ ತಿಂಗಳುಗಳೆಂದರೆ ಹಗಲೂ ರಾತ್ರಿ ಮಳೆ. ಹಿತ್ತಿಲಲ್ಲಿ ತರಕಾರಿ ಕೊಳೆಯುತ್ತಿತ್ತು, ಸಂತೆಗೆ ಹೋಗಲು ಹೊಳೆ ಬಿಡುತ್ತಿರಲಿಲ್ಲ. ಅದಕ್ಕಾಗಿ ಬೇಸಿಗೆಯಲ್ಲೇ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ 'ಉಪ್ಪುಸೊಳೆ' ಮಾಡಿಡುತ್ತಿದ್ದರು. ಮಾವಿನಕಾಯಿ ಉಪ್ಪುನೀರಿನಲ್ಲಿ ಮುಳುಗುತ್ತಿತ್ತು. ಮಲೆನಾಡಿನಲ್ಲಿ ಅಘನಾಶಿನಿಯ ದಂಡೆಯ ಅಪ್ಪೆಮಿಡಿ ಉಪ್ಪಿನಲ್ಲಿ ಮುರುಟಿ ವರ್ಷಗಟ್ಟಲೆ ಬಾಳುತ್ತಿತ್ತು. ಅದೇ ನದಿಯ ಮೇಲ್ದಂಡೆಯಲ್ಲಿ ಮಿಡಿ, ಅಳಿವೆಯಲ್ಲಿ ಉಪ್ಪು! ಉಪ್ಪಿನಕಾಯಿ ಎಂಬ ಹೆಸರಿನಲ್ಲಿ ಖಾರವೂ ಇಲ್ಲ, ಹುಳಿಯೂ ಇಲ್ಲ. ಕಾಯಿಯನ್ನು ಕಾಪಾಡಿದ ಉಪ್ಪು ಮಾತ್ರ ಇದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಉಪ್ಪುಸೊಳೆಯನ್ನು ಭರಣಿಯಿಂದ ತೆಗೆದವರು ಹಾಗೆಯೇ ಪಲ್ಯ ಮಾಡುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೀರು ಬದಲಿಸಿ, ಉಪ್ಪು ಬಿಡಿಸಿ ಆಮೇಲೆ ಬಳಸುತ್ತಿದ್ದರು. ಕಾಪಿಡಲು ಬೇಕಾದ ಉಪ್ಪು ಬೇರೆ, ಉಣ್ಣಲು ಬೇಕಾದ ಉಪ್ಪು ಬೇರೆ ಎಂಬ ಲೆಕ್ಕ ಆ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನಾವು ಮನೆ ಮಾಡಿಕೊಂಡಿರುವ ನೆಲದ ಕಥೆಯೂ ಬಹಳ ಬೇರೆಯಲ್ಲ. 1788ರಲ್ಲಿ ಸಿಡ್ನಿಗೆ ಬಂದಿಳಿದ ಮೊದಲ ಹಡಗುಗಳವರು ಆರಂಭದ ವರ್ಷಗಳಲ್ಲಿ ಬದುಕಿದ್ದು ಪೀಪಾಯಿಗಳಲ್ಲಿ ಬಂದ ಉಪ್ಪುಮಾಂಸದ ಪಡಿತರದ ಮೇಲೆ. ಆಮೇಲೆ ಪರಮಟ್ಟಾ ನದಿಯ ದಂಡೆಯ ನ್ಯೂಯಿಂಗ್ಟನ್ನಿನಲ್ಲಿ ಜಾನ್ ಬ್ಲ್ಯಾಕ್ಸ್‌ಲ್ಯಾಂಡ್ ಉಪ್ಪು ತಯಾರಿಸಿದ. 2000ದ ಒಲಿಂಪಿಕ್ಸಿನಲ್ಲಿ ಕ್ರೀಡಾಪಟುಗಳು ಉಳಿದುಕೊಂಡದ್ದು ಅದೇ ನ್ಯೂಯಿಂಗ್ಟನ್ನಿನಲ್ಲಿ. ಮೆಲ್ಬರ್ನಿನ ಕಡೆಗೆ ಬಂದರೆ, 1888ರಲ್ಲಿ ರಿಚರ್ಡ್ ಚೀಥಮ್ ಜೀಲಾಂಗಿನ ಬಳಿ ಉಪ್ಪಿನ ಉದ್ಯಮ ಶುರುಮಾಡಿದ. ಪಾಯಿಂಟ್ ಕುಕ್‌ನ ನಮ್ಮವರು ಭಾನುವಾರ ಮಕ್ಕಳಿಗೆ ಹಕ್ಕಿ ತೋರಿಸಲು ಹೋಗುವ ಚೀಥಮ್ ಜೌಗುಭೂಮಿ ಒಂದು ಕಾಲದಲ್ಲಿ ಉಪ್ಪಿನ ಆಗರವೇ ಆಗಿತ್ತು. ಸಾಣಿಕಟ್ಟಾ ನೋಡಿದವರಿಗೆ ಅಲ್ಲಿನ ಕಟ್ಟೆಗಳ ಗೆರೆ ಎಲ್ಲೋ ಕಂಡಂತೆ ಅನ್ನಿಸದೆ ಇರದು.

ಉಪ್ಪಿನ ಕಾಪಿಡುವ ಕೆಲಸವನ್ನು ಕಸಿದುಕೊಂಡದ್ದು ತಣ್ಣಗಿಡುವ ಯಂತ್ರ. ಅದರ ಆರಂಭದ ಒಂದು ಅಧ್ಯಾಯ ನಡೆದದ್ದೂ ಇದೇ ಜೀಲಾಂಗಿನಲ್ಲಿ. ಅಲ್ಲಿ ಪತ್ರಿಕೆ ನಡೆಸುತ್ತಿದ್ದ ಜೇಮ್ಸ್ ಹ್ಯಾರಿಸನ್ 1850ರ ದಶಕದಲ್ಲಿ ಮಂಜುಗಡ್ಡೆ ಮಾಡುವ ಯಂತ್ರ ಕಟ್ಟಿದ. 1873ರಲ್ಲಿ ಲಂಡನ್ನಿಗೆ ಹೆಪ್ಪುಗಟ್ಟಿದ ಮಾಂಸ ಕಳಿಸಲು ಹೋಗಿ ಅದು ದಾರಿಯಲ್ಲೇ ಕೆಟ್ಟು ಕೈಸುಟ್ಟುಕೊಂಡ. ಆದರೆ ಸಿಡ್ನಿ, ಮೆಲ್ಬರ್ನುಗಳಿಂದ ಮಾಂಸ ತುಂಬಿಕೊಂಡ ಸ್ಟ್ರಾತ್‌ಲೆವನ್ ಎಂಬ ಹಡಗು 1880ರ ಫೆಬ್ರವರಿಯಲ್ಲಿ ಲಂಡನ್ ತಲುಪಿದಾಗ ಸರಕು ಚೆನ್ನಾಗಿಯೇ ಇತ್ತು. ಅಲ್ಲಿಂದ ಮುಂದೆ ಉಪ್ಪಿನ ಪೀಪಾಯಿಗಳ ಕಾಲ ಇಳಿಯುತ್ತಾ ಬಂತು. ನಮ್ಮ ಊರುಗಳ ಮಧ್ಯಮ ವರ್ಗದ ಮನೆಗಳಿಗೆ ಫ್ರಿಜ್ ಬರಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. ಇಲ್ಲಿಗೆ ಬಂದ ಮೇಲಂತೂ ಫ್ರಿಜ್ಜೇನು, ಗ್ಯಾರೇಜಿನಲ್ಲಿ ಇನ್ನೊಂದು ಫ್ರೀಜರೂ ಇದೆ! ಜುಲೈ ತಿಂಗಳಲ್ಲೂ ಅಂಗಡಿಯಲ್ಲಿ ಹಸಿ ತರಕಾರಿಗೆ ಬರವಿಲ್ಲ. ಭರಣಿಯ ಅಗತ್ಯ ಹೋಯಿತು, ಭರಣಿಯ ನಾಲಿಗೆ ಮಾತ್ರ ಉಳಿಯಿತು. ಊರ ನೆನಪು ಬಂದಾಗಲೆಲ್ಲ ನಾವು ಕೈಹಾಕುವುದು ಆಷಾಢಕ್ಕಾಗಿ ಹುಟ್ಟಿದ ತಿನಿಸುಗಳಿಗೇ: ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಿಡಿ.

ಇನ್ನು ವೈದ್ಯರ ಕಡೆಯ ಚರಿತ್ರೆ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಅಂಬಾರ್ ಮತ್ತು ಬೊಜಾರ್ ಎಂಬ ಇಬ್ಬರು ಉಪ್ಪಿಗೂ ರಕ್ತದೊತ್ತಡಕ್ಕೂ ಸಂಬಂಧವಿದೆ ಎಂದು ಬರೆದರು. ಹಿಟ್ಲರನ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ವಾಲ್ಟರ್ ಕೆಂಪ್ನರ್, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, 1940ರ ದಶಕದಲ್ಲಿ ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆ ಇಷ್ಟನ್ನೇ ಕೊಟ್ಟು ಏರಿದ ಒತ್ತಡವನ್ನು ಇಳಿಸಿ ತೋರಿಸಿದ. ಅನ್ನ ಉಣ್ಣುವ ನಮಗೆ ಇದನ್ನು ಓದಿದರೆ ನಗು ಬರಬಹುದು. ರಕ್ತದೊತ್ತಡಕ್ಕೆ ಒಳ್ಳೆಯ ಮಾತ್ರೆಗಳು ಇನ್ನೂ ಬಂದಿರದ ಆ ಕಾಲದಲ್ಲಿ ಅದು ಎಷ್ಟೋ ಜನರ ಪ್ರಾಣ ಉಳಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಉಪ್ಪಿನ ಸೋಡಿಯಂ ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಅಲ್ಲ, ವಯಸ್ಸಾದಂತೆ ಹೆಚ್ಚು.

ಆಸ್ಟ್ರೇಲಿಯಾದಲ್ಲಿ ಈ ಕೆಲಸಕ್ಕೆ ಜೀವ ತೇಯ್ದವರು ಟಾಸ್ಮೇನಿಯಾದ ವೈದ್ಯ ಟ್ರೆವರ್ ಬೇರ್ಡ್. ಕ್ಯಾನ್‌ಬೆರಾದಲ್ಲಿ ಅವರು ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಮಾತ್ರೆ ನುಂಗುತ್ತಿದ್ದವರು ಉಪ್ಪು ಬಿಟ್ಟ ಊಟಕ್ಕೆ ಬಂದಾಗ ಮಾತ್ರೆ ಕಡಿಮೆ ಮಾಡಲು ಸಾಧ್ಯವಾಯಿತು. ಅದೇ ವರ್ಷದ ಆಸ್ಟ್ರೇಲಿಯಾದ ಆಹಾರ ಸೂಚಿಯಲ್ಲಿ ಉಪ್ಪು ಕಡಿಮೆ ಬಳಸಿ ಎಂಬ ಮಾತು ಸೇರಿತ್ತು. ಅದೇ 1982ರಲ್ಲಿ ಅಮೆರಿಕದಿಂದ ಇನ್ನೊಂದು ಸಂಶೋಧನೆ ಹೊರಬಂತು. ಕೆಲವು ತಿಂಗಳು ಕಡಿಮೆ ಉಪ್ಪು ತಿಂದವರ ನಾಲಿಗೆಯೇ ಬದಲಾಗಿ, ಮೊದಲು ಹಿತವೆನಿಸಿದ್ದ ಉಪ್ಪು ಆಮೇಲೆ ಹೆಚ್ಚಾಯಿತು ಎನ್ನಿಸಿತ್ತು. ನಮ್ಮ ಮನೆಗಳಿಗೆ ಬಹಳ ಉಪಯೋಗದ ಮಾತು ಇದು. ಮೊದಲ ವಾರ ಸಪ್ಪೆ ಎನ್ನಿಸಿದ್ದು ದೀಪಾವಳಿಯ ಹೊತ್ತಿಗೆ ಸರಿಯಾಗಿರುತ್ತದೆ.

ಆಮೇಲಿನ ಕೆಲಸ ನಮ್ಮ ಎರಡೂ ನಗರಗಳಲ್ಲಿ ನಡೆದಿದೆ. ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ 2007ರಲ್ಲಿ ಉಪ್ಪು ಇಳಿಸುವ ಆಂದೋಲನ ಶುರುವಾಯಿತು. ಬ್ರೆಡ್ಡಿನ 100 ಗ್ರಾಮಿನಲ್ಲಿ ಸೋಡಿಯಂ 400 ಮಿಲಿಗ್ರಾಮ್ ಮೀರಬಾರದೆಂಬ ಗುರಿಯನ್ನು 2013ರ ಕೊನೆಗೆ ತಲುಪಬೇಕೆಂದು ಸರ್ಕಾರ ಮತ್ತು ತಯಾರಕರು ಕೂಡಿ ಗೊತ್ತುಮಾಡಿಕೊಂಡರು. ಮೆಲ್ಬರ್ನಿನಲ್ಲಿ ವಿಕ್‌ಹೆಲ್ತ್ ಸಂಸ್ಥೆ, ಹಾರ್ಟ್ ಫೌಂಡೇಶನ್ ಮತ್ತಿತರರು 2015ರಿಂದ ಇದೇ ಕೆಲಸಕ್ಕೆ ಕೈಜೋಡಿಸಿದರು. ಜಾರ್ಜ್ ಇನ್‌ಸ್ಟಿಟ್ಯೂಟಿನ ಬ್ರೂಸ್ ನೀಲ್ ಮತ್ತು ಸಂಗಡಿಗರು ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರೊಡನೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು 14% ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪಿಗೆ ಒಪ್ಪಿಗೆ ಕೊಟ್ಟಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಲೆಕ್ಕವೂ ಕಷ್ಟವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಮಿಗಿಂತ ಕಡಿಮೆ ಸೋಡಿಯಂ. ಪೊಟ್ಟಣದ ಮೇಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 'ಲೋ ಸಾಲ್ಟ್' ಎಂದು ಬರೆಯಬೇಕಾದರೆ 100 ಗ್ರಾಮಿನಲ್ಲಿ ಸೋಡಿಯಂ 120 ಮಿಲಿಗ್ರಾಮ್ ಮೀರುವಂತಿಲ್ಲ. ಬ್ರೆಡ್ಡು, ಚೀಸು, ಬಿಸ್ಕತ್ತುಗಳಲ್ಲೇ ಅರ್ಧ ಉಪ್ಪು ಹೋಯಿತೆಂದಿಟ್ಟುಕೊಂಡರೆ, ನಾಲ್ವರು ದೊಡ್ಡವರಿರುವ ಮನೆಯಲ್ಲಿ ಇಡೀ ದಿನದ ಅಡಿಗೆಗೆ ಉಳಿಯುವುದು 10 ಗ್ರಾಮ್: ನುಣ್ಣನೆಯ ಉಪ್ಪು ತಲೆಸವರಿದ ಟೀ ಚಮಚದಲ್ಲಿ ಒಂದೂವರೆಗಿಂತ ತುಸು ಹೆಚ್ಚು. ಬೆಳಿಗ್ಗೆಯೇ ಅಷ್ಟನ್ನು ಪುಟ್ಟ ಬಟ್ಟಲಿಗೆ ಹಾಕಿಟ್ಟುಕೊಂಡು, ಸಂಜೆಯವರೆಗೆ ಅದರಿಂದಲೇ ಬಳಸುವುದು ಒಳ್ಳೆಯ ಉಪಾಯ. ಅಯೋಡಿನ್ ಕಡಿಮೆಯಾದೀತೆಂಬ ಚಿಂತೆಯಿದ್ದರೆ, ಆ ಸ್ವಲ್ಪ ಉಪ್ಪು ಅಯೋಡಿನ್ ಉಪ್ಪೇ ಆಗಿರಲಿ. 2009ರ ಅಕ್ಟೋಬರಿನಿಂದ ಇಲ್ಲಿನ ಬ್ರೆಡ್ಡಿಗೂ, ಸಾವಯವ ಬ್ರೆಡ್ಡನ್ನು ಬಿಟ್ಟು, ಅಯೋಡಿನ್ ಉಪ್ಪನ್ನೇ ಹಾಕಬೇಕೆಂಬ ನಿಯಮವಿದೆ.

ನಮ್ಮ ಅಡಿಗೆಯಲ್ಲಿ ಸೋಡಿಯಂ ಕಣ್ತಪ್ಪಿಸಿ ಬರುವ ದಾರಿಗಳೂ ಇವೆ. ಹಪ್ಪಳದ ಖಾರ, ಇಡ್ಲಿ ಉಬ್ಬಲು ಹಾಕುವ ಸೋಡಾ, ರವೆ ಇಡ್ಲಿಯ ಫ್ರೂಟ್ ಸಾಲ್ಟ್, ಇವೆಲ್ಲ ಸೋಡಿಯಮ್ಮೇ. ಪೊಟ್ಟಣದ ಸಾರಿನ ಪುಡಿ, ದಿಢೀರ್ ಮಿಶ್ರಣಗಳಲ್ಲಿ ಉಪ್ಪು ಮೊದಲೇ ಬೆರೆತಿರಬಹುದು. ಅದರ ಮೇಲೆ ನಾವು ಅಭ್ಯಾಸಬಲದಿಂದ ಇನ್ನೊಂದು ಚಮಚ ಹಾಕುತ್ತೇವೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅವರದೇ ಒಂದು ಉಪ್ಪಿನಕಾಯಿ ಉಂಟು: 1920ರ ದಶಕದ ಆರಂಭದಲ್ಲಿ ಮೆಲ್ಬರ್ನಿನಲ್ಲಿ ಸಿರಿಲ್ ಕ್ಯಾಲಿಸ್ಟರ್ ತಯಾರಿಸಿದ ವೆಜಿಮೈಟ್. ಅದನ್ನು ತೆಳ್ಳಗೆ ಸವರಬೇಕೆಂದು ಮಕ್ಕಳಿಗೆ ಗೊತ್ತು. ಮಿಡಿಯನ್ನೂ ಹಾಗೆಯೇ ಚೂರು ಕಚ್ಚಬೇಕೆಂದು ನಾವು ನೆನಪಿಟ್ಟುಕೊಂಡರೆ ಸಾಕು.

ಇಷ್ಟೆಲ್ಲ ತಿಳಿದ ಮೇಲೂ ಕಠಿಣವಾದ ಪ್ರಶ್ನೆ ಒಂದು ಉಳಿಯುತ್ತದೆ: ಹಿರಿಯರಿಗೆ ಹೇಳುವುದು ಹೇಗೆ? ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಕಸ್ತೂರಬಾ ರಕ್ತಸ್ರಾವದಿಂದ ನರಳುತ್ತಿದ್ದರು. ಉಪ್ಪು, ಬೇಳೆ ಬಿಡು ಎಂದು ಗಾಂಧೀಜಿ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ನಿಮಗೆ ಹೇಳಿದರೆ ನೀವೂ ಬಿಡಲಾರಿರಿ ಎಂದುಬಿಟ್ಟರು. ಹಾಗಾದರೆ ನಾನು ಒಂದು ವರ್ಷ ಬಿಟ್ಟೆ ಎಂದು ಗಾಂಧೀಜಿ ಆ ಕ್ಷಣವೇ ವ್ರತ ತೊಟ್ಟರು. ಕಸ್ತೂರಬಾ ನೊಂದು, ತಾನು ಬಿಡುತ್ತೇನೆ, ನೀವು ಮಾತ್ರ ಹಿಂತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಅವರು ಕೇಳಲಿಲ್ಲ. ಆತ್ಮಕಥೆಯಲ್ಲಿ ಗಾಂಧೀಜಿ ಇದನ್ನು ಮನೆಯೊಳಗಿನ ಸತ್ಯಾಗ್ರಹವೆಂದು ನೆನೆದಿದ್ದಾರೆ. ಓದಿದವರಿಗೆ ಕಸ್ತೂರಬಾ ಅವರ ಕಣ್ಣೀರೂ ಮರೆಯುವುದಿಲ್ಲ. ಅಷ್ಟು ದೊಡ್ಡ ವ್ರತ ನಮ್ಮಿಂದಾಗದು, ಬೇಕಾಗಿಯೂ ಇಲ್ಲ. ಅದರಿಂದ ನಾವು ಎತ್ತಿಕೊಳ್ಳಬಹುದಾದ್ದು ಒಂದೇ: ಅಮ್ಮನೊಬ್ಬಳಿಗೆ ಸಪ್ಪೆ ಸಾರು ಬೇರೆ ಪಾತ್ರೆಯಲ್ಲಿ ಮಾಡಿಟ್ಟು ಉಳಿದವರು ಎಂದಿನಂತೆ ಉಣ್ಣುವುದು ಬೇಡ. ಬೇರೆ ಪಾತ್ರೆ ಎಂದರೆ ಬೇರೆ ಪಂಕ್ತಿಯಿದ್ದಂತೆ. ಬದಲಾವಣೆ ಇಡೀ ಮನೆಯದಾಗಲಿ.

ಅದಕ್ಕೆ ದಾರಿ ನಮ್ಮ ಬಾಳೆಲೆಯಲ್ಲೇ ಇದೆ. ಎಲೆಯ ತುದಿಯಲ್ಲಿ, ಎಡಗಡೆಗೆ, ಚಿಟಿಕೆ ಉಪ್ಪು. ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ. ನೈವೇದ್ಯಕ್ಕೆ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲವಾದ್ದರಿಂದ ಅಡಿಗೆಯವರು ಉಪ್ಪನ್ನು ಅಂದಾಜಿನಲ್ಲಿ ಹಾಕುತ್ತಿದ್ದರು. ಕಡಿಮೆಯಾದರೆ ತಿದ್ದಬಹುದು, ಹೆಚ್ಚಾದರೆ ತೆಗೆಯಲಾಗದು. ಬೇಕಾದವರು ತುದಿಯಿಂದ ಬೆರಳಲ್ಲಿ ತೆಗೆದು ಕಲಸಿಕೊಳ್ಳುತ್ತಿದ್ದರು. ಮಾಡಿದವರಿಗೂ ಅವಮಾನವಿಲ್ಲ, ಉಣ್ಣುವವರಿಗೂ ಬಲವಂತವಿಲ್ಲ. ಉಪ್ಪು ಎಷ್ಟು ಎಂಬ ತೀರ್ಮಾನ ಒಲೆಯಿಂದ ಎಲೆಗೆ ಬಂದಿತ್ತು. ಈ ಪದ್ಧತಿಯನ್ನು ಊಟದ ಮೇಜಿಗೆ ಮರಳಿ ತರುವುದು ಹೊಸದೇನನ್ನೋ ಕಲಿತಂತೆ ಆಗುವುದಿಲ್ಲ. "ಅಮ್ಮಾ, ಹಬ್ಬದೆಲೆಯ ಹಾಗೇ ಉಪ್ಪು ಪಕ್ಕಕ್ಕೆ ಬಡಿಸೋಣ" ಎಂದರೆ ಒಪ್ಪದ ತಾಯಿ ಅಪರೂಪ.

ಉಳಿದದ್ದನ್ನು ಚಳಿಗಾಲವೇ ಒದಗಿಸುತ್ತದೆ. ಸಿಡ್ನಿ, ಮೆಲ್ಬರ್ನುಗಳ ಹಿತ್ತಿಲ ನಿಂಬೆಮರಗಳು ಕಾಯಿ ತುಂಬಿ ಬಾಗುವುದು ಈ ತಿಂಗಳುಗಳಲ್ಲೇ. ಪಕ್ಕದ ಮನೆಯವರು ಚೀಲದಲ್ಲಿ ತುಂಬಿ ಗೇಟಿಗೆ ನೇತುಹಾಕಿ ಹೋಗುತ್ತಾರೆ. ಅಷ್ಟನ್ನೂ ಉಪ್ಪಿನಕಾಯಿ ಹಾಕಲು ಕೈ ತುರಿಸುವುದು ಸಹಜ. ಒಂದು ಪುಟ್ಟ ಜಾಡಿ ಹಾಕಿ, ಬೇಡವೆನ್ನುವುದಿಲ್ಲ. ಉಳಿದದ್ದರ ರಸ ಹಿಂಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿಡಿ. ಉಪ್ಪು ಅರ್ಧ ಮಾಡಿದ ತೊವ್ವೆಗೆ ಇಳಿಸುವಾಗ ಆ ರಸ, ಹಸಿಶುಂಠಿ, ಇಂಗು ಕರಿಬೇವಿನ ಒಗ್ಗರಣೆ ಬಿದ್ದರೆ ನಾಲಿಗೆ ಉಪ್ಪನ್ನು ಹುಡುಕುವುದಿಲ್ಲ. ಸಿಹಿಕುಂಬಳದ ಪಲ್ಯಕ್ಕೆ ಹುರಿದ ಎಳ್ಳಿನ ಪುಡಿ, ಸಿಲ್ವರ್‌ಬೀಟ್ ಸೊಪ್ಪಿನ ಹುಳಿಗೆ ಹೆಚ್ಚು ಹುಣಸೆ, ದೊಡ್ಡಪತ್ರೆ ತಂಬುಳಿಗೆ ಹುಳಿಮಜ್ಜಿಗೆ, ಸಾರಿಗೆ ಆಗಷ್ಟೇ ಕುಟ್ಟಿದ ಮೆಣಸು ಜೀರಿಗೆ. ಇಡ್ಲಿ ಹಿಟ್ಟನ್ನು ಹೀಟರ್ ಪಕ್ಕ ಇಟ್ಟು ಚೆನ್ನಾಗಿ ಹುಳಿ ಬರಿಸಿದರೆ ಸೋಡಾ ಬೇಕಿಲ್ಲ. ಕೋಸಂಬರಿಗೆ ಬಡಿಸುವ ಮೊದಲಷ್ಟೇ ಉಪ್ಪು ಬೆರೆಸಿದರೆ ಮೇಲೆಯೇ ನಿಂತು ಸ್ವಲ್ಪದರಲ್ಲೇ ರುಚಿ ತೋರುತ್ತದೆ. ಇದನ್ನಂತೂ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹಪ್ಪಳ ವಾರಕ್ಕೊಂದು ದಿನ ಇರಲಿ, ಮಳೆ ಹೊಯ್ಯುವ ದಿನ ನೋಡಿಕೊಂಡು.

ಉಪ್ಪಿನ ಋಣ ತೀರಿಸುವುದೆಂದರೆ ನಮ್ಮನ್ನು ಸಾಕಿದವರ ಆಯುಸ್ಸನ್ನು ಕಾಯುವುದೂ ಹೌದು. ಈ ರಜೆಯಲ್ಲಿ ಹಿರಿಯರು ಜೊತೆಗಿದ್ದರೆ, ಮೊಮ್ಮಕ್ಕಳನ್ನು ಅವರ ಪಕ್ಕ ಅಡಿಗೆಮನೆಯಲ್ಲಿ ನಿಲ್ಲಿಸಿ. ಉಪ್ಪುಸೊಳೆ ನೆನೆಸಿದ್ದು, ಆಗರದ ಹರಳುಪ್ಪನ್ನು ಕುಟ್ಟಿದ್ದು, ಆಟಿಯ ಮಳೆಯಲ್ಲಿ ಭರಣಿ ತೆರೆದದ್ದು, ಇದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯ ಕಡಿಮೆ ಉಪ್ಪಿನ ಅಡಿಗೆಗಳನ್ನೂ, ಅಜ್ಜಿಯರ ಭರಣಿಯ ಕಥೆಗಳನ್ನೂ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಎಲ್ಲರೊಡನೆ ಹಂಚಿಕೊಳ್ಳೋಣ.